ಅಕ್ಕನ ಖಾಲಿ ಪಾಲು

ಈ ಕಥೆಯನ್ನು ಮೊದಲು ಹೇಳಿದವಳು ಪುರಸಭೆಯ ಉಗ್ರಾಣದಲ್ಲಿ ಪೊರಕೆ ಕಟ್ಟುವ ಮುದುಕಿ. ಹೇಳಿದ್ದು, ಇದರಲ್ಲಿ ಬರುವ ಬಜೆಟ್ ಪಾಸಾದ ಮರುವರ್ಷ, ಸವೆದ ಪೊರಕೆಗಳನ್ನು ಮರಳಿ ಕಟ್ಟಿಸಲು ಬಂದ ಹೆಂಗಸರು ತಮ್ಮ ಸರದಿಗಾಗಿ ಕುಳಿತಿದ್ದ ಒಂದು ಮಧ್ಯಾಹ್ನ. ಆಮೇಲೆ ಇದನ್ನು ಬೀದಿಯ ಟೈಲರನೂ ಹೇಳಿದ್ದುಂಟು. ಅವನು ಹೇಳುವಾಗ ಅವನ ಪಾತ್ರ ತುಸು ಹಿಗ್ಗುತ್ತದೆ. ಇಲ್ಲಿರುವುದು ಮುದುಕಿಯ ಪಾಠ, ಅವಳು ಹೇಳಿದ ಕ್ರಮದಲ್ಲಿಯೇ.

ರೈಲು ನಿಲ್ದಾಣದಿಂದ ಹೊರಟು, ಹೆರಿಗೆ ಆಸ್ಪತ್ರೆಯ ಗೇಟಿನ ಮುಂದೆ ಹಾದು, ಪುರಭವನದ ಮೆಟ್ಟಿಲಿಗೆ ಮುಟ್ಟುವ ಬೀದಿ ಅದು. ಎರಡೂ ಬದಿಗೆ ಅಗಲ ಎಲೆಯ ಮರಗಳು. ಉದುರುವ ಕಾಲ ಬಂತೆಂದರೆ ಹಗಲು ರಾತ್ರಿ ಒಂದೇ ಸಮನೆ ಉದುರುವಂಥವು. ಬೆಳಕು ಹರಿಯುವ ಮುನ್ನ ಗುಡಿಸುವ ಹೆಂಗಸರು ಬಂದು, ಪೊರಕೆಯ ಹಿಡಿಯಿಂದ ಧೂಳಿನ ಮೇಲೆ ರಸ್ತೆಗಡ್ಡಲಾಗಿ ಗೆರೆ ಎಳೆಯುತ್ತಿದ್ದರು. ಈ ಗೆರೆಯಿಂದ ಆ ಗೆರೆಯವರೆಗೆ ಒಬ್ಬಳ ಪಾಲು. ಒಬ್ಬಳ ಪಾಲಿಗೆ ಇನ್ನೊಬ್ಬಳು ಪೊರಕೆ ಚಾಚುವಂತಿಲ್ಲ. ಆದರೆ ಯಾರಿಗಾದರೂ ಜ್ವರ ಬಂದರೆ, ಮಗುವಿಗೆ ಹುಷಾರಿಲ್ಲದಿದ್ದರೆ, ಆ ದಿನ ಅಕ್ಕಪಕ್ಕದ ಇಬ್ಬರು ಮಾತಿಲ್ಲದೆ ತಮ್ಮ ತಮ್ಮ ಗೆರೆಯನ್ನು ಅವಳ ಪಾಲಿನ ನಡುವಿಗೆ ಸರಿಸುತ್ತಿದ್ದರು. ಮೇಸ್ತ್ರಿ ಸೈಕಲ್ ಮೇಲೆ ಬಂದು ನೋಡುವ ಹೊತ್ತಿಗೆ ಬೀದಿ ಚೊಕ್ಕಟ. ಬಾರದವಳ ಕೂಲಿ ಮುರಿಯುತ್ತಿರಲಿಲ್ಲ. ಇದಕ್ಕೆ ಅವರು ಗೆರೆ ಸರಿಸುವುದು ಎನ್ನುತ್ತಿದ್ದರು. ಸರಿಸಿದವಳು ಅದನ್ನು ಬಾಯಿಬಿಟ್ಟು ಹೇಳುವುದು ಆ ಗುಂಪಿನಲ್ಲಿ ನಾಚಿಕೆಗೇಡು.

ಗುಂಪಿನ ಹಿರಿಯಳನ್ನು ಎಲ್ಲರೂ ಗೆರೆಯಮ್ಮ ಎಂದು ಕರೆಯುತ್ತಿದ್ದರು; ಬೆಳಗಿನ ಮೊದಲ ಗೆರೆ ಅವಳದೇ ಆಗಿರುತ್ತಿತ್ತು. ಅವಳ ಪಾಲು ಔಷಧಿ ಅಂಗಡಿಯ ಮುಂದಿನದು. ಅದರ ಪಕ್ಕಕ್ಕೆ, ಆಸ್ಪತ್ರೆಯ ಗೇಟಿನ ಎದುರು, ಅವಳ ಒಡಹುಟ್ಟಿದ ಅಕ್ಕನ ಪಾಲು. ಅಕ್ಕ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಅಕ್ಕ ಸತ್ತ ಮಾರನೆಯ ಬೆಳಿಗ್ಗೆ ಗೆರೆಯಮ್ಮ ತನ್ನ ಗೆರೆಯನ್ನು ಸರಿಸಿದಳು. ಸರಿಸಿದ್ದು ಹಾಗೆಯೇ ಉಳಿಯಿತು. ಬೀದಿಯುದ್ದಕ್ಕೂ ಇದೇ ಕಥೆ. ನಿವೃತ್ತಳಾದವಳ ಪಾಲು, ಊರು ಬಿಟ್ಟವಳ ಪಾಲು, ಎಲ್ಲವನ್ನೂ ಇದ್ದವರು ಹಂಚಿಕೊಂಡು ಹೊಟ್ಟೆಗೆ ಹಾಕಿಕೊಂಡಿದ್ದರು. ಹೆಸರು ಮಾತ್ರ ಅಳಿದಿರಲಿಲ್ಲ. ಕೆಮ್ಮಿನಜ್ಜಿಯ ಪಾಲು, ಅವಳಿಮಕ್ಕಳ ತಾಯಿಯ ಪಾಲು ಎಂದೇ ಕರೆಯುತ್ತಿದ್ದರು, ಅವರು ಈಗಷ್ಟೇ ನೀರು ಕುಡಿಯಲು ಹೋಗಿದ್ದಾರೆ ಎಂಬಂತೆ.

ಗೆರೆಯಮ್ಮನ ಸೊಸೆಯೂ ಅದೇ ಬೀದಿಯಲ್ಲಿ ಗುಡಿಸುತ್ತಿದ್ದಳು, ದಿನಗೂಲಿಯ ಮೇಲೆ. ದಿನಗೂಲಿಯವರಿಗೆ ಹೆರಿಗೆ ರಜೆ ಇಲ್ಲ. ಮೊದಲ ಮಗು ಹುಟ್ಟಿದಾಗ ಅವಳು ಮೈ ಇನ್ನೂ ಹಸಿಯಿರುವಾಗಲೇ ಪೊರಕೆ ಹಿಡಿದಿದ್ದಳು. ಮಗು ಉಗ್ರಾಣದಲ್ಲಿ, ಹಣ್ಣಿನ ಪೆಟ್ಟಿಗೆಯೊಳಗೆ, ಈ ಮುದುಕಿ ಕಟ್ಟುವ ಪೊರಕೆಗಳ ನಡುವೆ ಮಲಗಿರುತ್ತಿತ್ತು. ಈಗ ಸೊಸೆ ಮತ್ತೆ ಬಸುರಿ. ಅತ್ತೆಯ ಅಕ್ಕನ ಖಾಲಿ ಹುದ್ದೆ ತುಂಬಿದರೆ ಅದು ತನಗೇ ಎಂಬ ಆಸೆ ಅವಳಿಗೆ. ಕಾಯಂ ಆದರೆ ರಜೆ ಸಿಗುತ್ತದೆ, ಮಗು ಮನೆಯಲ್ಲಿ ಮಲಗುತ್ತದೆ. ಅವಳಿಗೆ ಬೇಕಾಗಿದ್ದುದು ಅಷ್ಟೇ, ಅತ್ತೆಗೂ ಅಷ್ಟೇ.

ಆ ವರ್ಷ ಸರ್ಕಾರ ಬಜೆಟ್ಟಿನ ಕರಡನ್ನು ಜನರ ಮುಂದಿಟ್ಟು, ಅಹವಾಲು ಕೇಳಲು ಹಣಕಾಸು ಸಮಿತಿಯನ್ನು ಊರೂರಿಗೆ ಕಳಿಸುವುದಾಗಿ ಸಾರಿತು. ಬೀದಿಯಲ್ಲಿ ಲೆಕ್ಕದ ಟೀಚರ್ ಒಬ್ಬರಿದ್ದರು, ನಿವೃತ್ತರು. ನಲ್ಲಿ ನೀರು, ಶಾಲೆಯ ಸೂರು, ಬಸ್ಸಿನ ವೇಳೆ, ಯಾವುದು ಕೆಟ್ಟರೂ ಜನರನ್ನು ಕೂಡಿಸುವವರು ಅವರೇ. ಸಂಜೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಕನ್ನಡಕ ಏರಿಸಿ ಕರಡನ್ನು ಎಲ್ಲರಿಗೂ ಓದಿ ಹೇಳತೊಡಗಿದರು. ನೈರ್ಮಲ್ಯದ ಪುಟ ಬಂದಾಗ ಅವರ ದನಿ ಸಣ್ಣಗಾಯಿತು. ಖಾಲಿ ಹುದ್ದೆಗಳನ್ನು ರದ್ದು ಮಾಡುವುದು ಎಂದಿತ್ತು. ಕಾರಣವೂ ಇತ್ತು: ಹುದ್ದೆಗಳು ಬಹುಕಾಲದಿಂದ ಖಾಲಿ ಇದ್ದರೂ ಸ್ವಚ್ಛತೆಯಲ್ಲಿ ಯಾವ ಕೊರತೆಯೂ ಕಂಡುಬಂದಿಲ್ಲವಾದ್ದರಿಂದ ಅವುಗಳ ಅಗತ್ಯವಿಲ್ಲ.

ಗೆರೆಯಮ್ಮ ಇನ್ನೊಮ್ಮೆ ಓದಲು ಹೇಳಿದಳು. ಟೀಚರ್ ಓದಿದರು. ಗೆರೆಯಮ್ಮ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಹರಿದದ್ದು ಕಾಣಬಾರದು ಅಂತ ನಾವು ತೇಪೆ ಹಾಕಿದ್ವಿ," ಎಂದಳು. "ಅವರು ಹೊಸ ಬಟ್ಟೆ ಅಂದ್ಕೊಂಡ್ರು."

ಒಬ್ಬರು ಮೆರವಣಿಗೆ ಎಂದರು, ಇನ್ನೊಬ್ಬರು ಉಪವಾಸ ಎಂದರು. ಬಿಸಿರಕ್ತದ ಹುಡುಗಿಯರು ಪೊರಕೆಗಳನ್ನೆಲ್ಲ ಪುರಭವನದ ಮುಂದೆ ರಾಶಿ ಹಾಕಿ ಕೈಕಟ್ಟಿ ಕೂರೋಣ ಎಂದರು. ಗೆರೆಯಮ್ಮ ಬೇಡವೆಂದು ತಲೆಯಾಡಿಸಿದಳು. ಕೈಕಟ್ಟಿ ಕೂತರೆ ಸೋಮಾರಿಗಳೆಂದು ಹಣೆಪಟ್ಟಿ ಹಚ್ಚಿ ಮನೆಗೆ ಕಳಿಸುತ್ತಾರೆ, ಅದಕ್ಕೆ ಅವಕಾಶ ಕೊಡಬಾರದು ಎಂದಳು. ಆಮೇಲೆ ತನ್ನ ಮನಸ್ಸಿನಲ್ಲಿದ್ದುದನ್ನು ಬಿಚ್ಚಿಟ್ಟಳು.

"ಇರೋರ ಪಾಲು ಕನ್ನಡಿ ಥರ ಗುಡಿಸೋಣ. ಇಲ್ಲದೋರ ಪಾಲು ಇಲ್ಲದ ಹಾಗೇ ಇರಲಿ. ಗೆರೆ ಎಲ್ಲಿತ್ತೋ ಅಲ್ಲಿಗೆ ವಾಪಸ್ ಹೋಗಲಿ."

ಟೀಚರ್ ಪೆನ್ನಿನ ಮುಚ್ಚಳ ಮುಚ್ಚಿ, ಇಷ್ಟು ವರ್ಷ ಲೆಕ್ಕ ಕಲಿಸಿದ್ದೇನೆ, ಸೊನ್ನೆಯನ್ನು ಹೀಗೆ ರಸ್ತೆಯ ಮೇಲೆ ಬರೆಯಬಹುದೆಂದು ಹೊಳೆದಿರಲಿಲ್ಲ ಎಂದು ನಕ್ಕರು. ಅಲ್ಲಿಗೆ ಸಭೆಯ ತೀರ್ಮಾನವಾಯಿತು.

ಮರುದಿನ ಗೆರೆಗಳನ್ನು ಸುಣ್ಣದ ಪುಡಿಯಲ್ಲಿ ಎಳೆದರು. ವಾರ ಕಳೆಯುವುದರೊಳಗೆ ಬೀದಿ ಪಟ್ಟೆಪಟ್ಟೆಯಾಯಿತು. ಒಂದು ತುಂಡು ನೆಕ್ಕಿದ ತಟ್ಟೆಯಂತೆ, ಮುಂದಿನದು ಪಾದ ಮುಳುಗುವಷ್ಟು ಎಲೆ, ಕಾಗದ, ಬಾಟಲಿ. ಜನ ಮೂಗು ಮುರಿದರು. ಇವಳಿಗೇನು ಬಂತು ರೋಗ, ಇನ್ನೆರಡು ಸಲ ಪೊರಕೆ ಆಡಿಸಿದರೆ ಕೈ ಸವೆಯುತ್ತಿತ್ತೇ ಎಂದು ಔಷಧಿ ಅಂಗಡಿಯವನು ಗೆರೆಯಮ್ಮನಿಗೆ ಕೇಳಿಸುವಂತೆಯೇ ಅಂದ. ಅವಳು ಅವನನ್ನು ಗೆರೆಯ ತನಕ ಕರೆದುಕೊಂಡು ಹೋಗಿ, ಆಚೆ ಇರುವ ಜಾಗ ಯಾರದೆಂದು ಕೇಳಿದಳು. ನಿಮ್ಮಕ್ಕನದಲ್ಲವೇ ಎಂದ. ಹಾಗಾದರೆ ಅವಳನ್ನೇ ಕರೆದು ಬೈಯಿ ಎಂದಳು. ಅವನು ಮುಖ ಹುಳ್ಳಗೆ ಮಾಡಿಕೊಂಡು ಒಳಗೆ ಹೋದ. ಸಂಜೆಗೆ ಟೀಚರ್ ತಂದ ಹಲಗೆಯನ್ನು ತಾನೇ ಮೊಳೆ ಹೊಡೆದು ಕಂಬಕ್ಕೆ ಸಿಕ್ಕಿಸಿದ. ಖಾಲಿ ಪಾಲಿಗೊಂದರಂತೆ ಅಂಥ ಹಲಗೆಗಳು ಎದ್ದವು: ಇಲ್ಲಿ ಗುಡಿಸುವವರ ಹುದ್ದೆ ಖಾಲಿ ಇದೆ.

ತೊಂದರೆ ಬಂದದ್ದು ಬೈಯುವವರಿಂದಲ್ಲ, ಪ್ರೀತಿಸುವವರಿಂದ. ಟೈಲರನ ಅಂಗಡಿ ಕೆಮ್ಮಿನಜ್ಜಿಯ ಪಾಲಿನಲ್ಲಿತ್ತು. ಅವನು ಹೋರಾಟದ ಕಟ್ಟಾ ಅಭಿಮಾನಿ. ಬ್ಯಾನರುಗಳನ್ನೆಲ್ಲ ಬಿಟ್ಟಿ ಹೊಲಿದುಕೊಟ್ಟವನು. ಹೆಂಗಸರು ಇಷ್ಟು ಕಷ್ಟಪಡುವಾಗ ತಾನು ಸುಮ್ಮನಿರುವುದೇ ಎಂದುಕೊಂಡು, ನಸುಕಿನಲ್ಲೆದ್ದು ಅಂಗಡಿಯ ಮುಂದಿನ ಬೀದಿಯನ್ನು ತಾನೇ ಗುಡಿಸಿಬಿಟ್ಟ. ಅವನನ್ನು ನೋಡಿ ಬೇಕರಿಯವನು, ಬೇಕರಿಯವನನ್ನು ನೋಡಿ ಚಾವಿ ಮಾಡುವವನು. ಅದೇ ದಿನ ಹಣಕಾಸು ಇಲಾಖೆಯ ಅಧಿಕಾರಿಯೊಬ್ಬ ಕಾರಿನಲ್ಲಿ ಈ ಅಂಗಡಿಗಳಿರುವ ತುದಿಯವರೆಗೆ ಮಾತ್ರ ಬಂದು ಹೋದ. ಖಾಲಿ ಹುದ್ದೆಯ ಬೀದಿಯೂ ಸ್ವಚ್ಛವಾಗಿಯೇ ಇದೆ, ತಾನು ಕಣ್ಣಾರೆ ಕಂಡೆ ಎಂದು ಅವನು ಹೇಳಿದ್ದು ಮರುದಿನದ ಪತ್ರಿಕೆಯಲ್ಲಿ ಬಂತು.

ಗೆರೆಯಮ್ಮ ಪತ್ರಿಕೆಯನ್ನು ಮಡಚಿ ಹಿಡಿದು ಟೈಲರನ ಬಾಗಿಲಿಗೆ ಹೋದಳು. ಅವನು ಹೊಗಳಿಕೆಗೆ ಸಿದ್ಧನಾಗಿ ಎದ್ದು ನಿಂತ.

"ಪುಣ್ಯಾತ್ಮ, ನಿಂಗೆ ಕೈ ಮುಗೀತೀನಿ, ಸಹಾಯ ಮಾಡಬೇಡ."

ವಿಷಯ ತಿಳಿದಾಗ ಅವನು ಬಾಲ ಸುಟ್ಟ ಬೆಕ್ಕಿನಂತೆ ಅಂಗಡಿಯ ತುಂಬ ಓಡಾಡಿದ. ಬೇಕಾದರೆ ಈಗಲೇ ಚಿಂದಿಯ ಮೂಟೆ ತಂದು ಬೀದಿಗೆ ಸುರಿಯುತ್ತೇನೆ ಎಂದ.

"ಹಾಕೋದೂ ಬೇಡ, ತೆಗೆಯೋದೂ ಬೇಡ," ಎಂದಳು ಗೆರೆಯಮ್ಮ. "ಸುಮ್ನೆ ನೋಡ್ತಾ ಇರು. ಅದೇ ಕಷ್ಟದ ಕೆಲಸ, ನಂಗೊತ್ತು."

ಅವಳಿಗೆ ಗೊತ್ತಿತ್ತು. ಪ್ರತಿ ಬೆಳಿಗ್ಗೆ ಅವಳ ಪೊರಕೆ ಸುಣ್ಣದ ಗೆರೆಯ ಬಳಿ ಬಂದು ತಾನಾಗಿ ಮುಂದಕ್ಕೆ ಜಗ್ಗುತ್ತಿತ್ತು. ಆಚೆ ಅಕ್ಕನ ಪಾಲು ಎಲೆಯಡಿ ಹೂತು ಹೋಗುತ್ತಿತ್ತು. ಹಸುಗೂಸುಗಳನ್ನು ಎದೆಗವಚಿಕೊಂಡು ಆಸ್ಪತ್ರೆಯಿಂದ ಹೊರಬರುವ ಬಾಣಂತಿಯರು ಕಸದ ನಡುವೆ ಕಾಲಿಡಲು ಜಾಗ ಹುಡುಕುತ್ತಿದ್ದರು. ಅವರು ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅಕ್ಕ ಬದುಕಿದ್ದಾಗ ಈ ಗೇಟಿನ ಮುಂದೆ ಒಂದು ಕಡ್ಡಿ ಬಿದ್ದಿರುತ್ತಿರಲಿಲ್ಲ. ಹೊಸ ಮಗು ಮೊದಲು ನೋಡುವ ಬೀದಿ ಇದು ಎನ್ನುತ್ತಿದ್ದಳು. ಮಗು ನೋಡುವುದು ಆಕಾಶವನ್ನು, ಬೀದಿಯನ್ನಲ್ಲ ಎಂದು ಗೆರೆಯಮ್ಮ ಆಗ ಅಣಕಿಸುತ್ತಿದ್ದಳು.

ಸಮಿತಿ ಬರುವ ದಿನ ಬೆಳಗಾಯಿತು. ಟೀಚರ್ ಪಟ್ಟು ಹಿಡಿದಿದ್ದರಿಂದ ಸಮಿತಿಯವರು ರೈಲು ನಿಲ್ದಾಣದಲ್ಲಿ ಕಾರಿನಿಂದ ಇಳಿದು, ಬೀದಿಯುದ್ದ ನಡೆದು ಪುರಭವನಕ್ಕೆ ಬರುವುದೆಂದು ಗೊತ್ತಾಗಿತ್ತು. ಹಿಂದಿನ ದಿನವಿಡೀ ಗಾಳಿ ಬೀಸಿ, ಗೇಟಿನ ಮುಂದೆ ಎಲೆ ರಾಶಿ ಬಿದ್ದಿತ್ತು. ಗೆರೆಯಮ್ಮ ತನ್ನ ಪಾಲು ಮುಗಿಸಿದಳು. ಗೆರೆಯ ಬಳಿ ನಿಂತಳು. ಗೇಟು ತೆರೆಯಿತು, ಎಳೆಯ ಹೆಂಗಸೊಬ್ಬಳು ಮಗುವಿನೊಂದಿಗೆ ಹೊರಬಂದು, ಕಸವನ್ನು ನೋಡಿ, ಒಂದು ಕೈಯಲ್ಲಿ ಗೋಡೆ ಹಿಡಿದು ಮೆಲ್ಲಗೆ ದಾಟತೊಡಗಿದಳು. ಗೆರೆಯಮ್ಮ ಏನನ್ನೂ ಯೋಚಿಸಲಿಲ್ಲ. ಪೊರಕೆ ಗೆರೆ ದಾಟಿತು. ಒಮ್ಮೆ ಬೀಸಿದಳು. ಮತ್ತೊಮ್ಮೆ. ಕಸದ ನಡುವೆ ಅರ್ಧಚಂದ್ರದಷ್ಟು ನೆಲ ಫಳಕ್ಕನೆ ಹೊಳೆಯಿತು.

"ಅತ್ತೆ, ಪೊರಕೆ ಕೆಳಗಿಡಿ."

ಸೊಸೆ ಹಿಂದೆ ನಿಂತಿದ್ದಳು, ಒಂದು ಕೈ ಸೊಂಟದ ಮೇಲೆ. ಅವಳು ಅತ್ತೆಗೆ ಎದುರು ಮಾತನಾಡಿದವಳಲ್ಲ. ಗೆರೆಯಮ್ಮ ಅತ್ತಿಗೆಯರ ನಾಲಿಗೆ ಕಂಡವಳು, ನಾದಿನಿಯ ನಾಲಿಗೆ ಕಂಡವಳು. ಈ ದನಿ ಮಾತ್ರ ಮನೆಯಲ್ಲಿ ಎಂದೂ ಕೇಳಿರಲಿಲ್ಲ.

"ಇದು ನಮ್ಮಕ್ಕನ ಜಾಗ," ಎಂದಳು ಗೆರೆಯಮ್ಮ. "ನೀನು ಅವಳನ್ನ ನೋಡಿಲ್ಲ."

"ನಿಮ್ಮಕ್ಕನದಾಗಿತ್ತು," ಎಂದು ತಿದ್ದಿದಳು ಸೊಸೆ, ನಗದೆ. "ಇನ್ಮೇಲೆ ನನ್ನ ಜಾಗ. ನೀವು ಗುಡಿಸ್ತಾ ಇರೋ ತನಕ ಇದು ನಂದಾಗಲ್ಲ ಅತ್ತೆ. ಈ ಮಗೂನೂ ಪೆಟ್ಟಿಗೇಲಿ ಮಲಗಬೇಕಾ?"

ಗೆರೆಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಖಾಲಿ ಕೈಯಲ್ಲಿ ಗೆರೆ ದಾಟಿ ಹೋಗಿ, ಬಾಣಂತಿಯ ತೋಳು ಹಿಡಿದು, ಕಸದ ಮೇಲೆಯೇ ನಡೆಸಿಕೊಂಡು ಈಚೆಗೆ ತಂದಳು. ಕೈ ಹಿಡಿಯುವುದಕ್ಕೆ ಯಾವ ಗೆರೆಯೂ ಅಡ್ಡವಿರಲಿಲ್ಲ.

ಬಿಸಿಲೇರುವಾಗ ಸಮಿತಿ ಬಂತು. ಅಧ್ಯಕ್ಷೆ ದಪ್ಪ ಚಪ್ಪಲಿಯ, ಕಡಿಮೆ ಮಾತಿನ ಹೆಂಗಸು. ಪಟ್ಟೆಪಟ್ಟೆ ಬೀದಿಯಲ್ಲಿ ನಡೆಯುತ್ತ, ಪ್ರತಿ ಹಲಗೆಯ ಮುಂದೆ ನಿಂತು ಓದಿದರು. ಟೈಲರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಮೊಣಕಾಲೆತ್ತರದ ಕಸದ ಪಕ್ಕದಲ್ಲಿ ಪಹರೆಯವನಂತೆ ನಿಂತಿದ್ದ. ಗೇಟಿನ ಎದುರು ಬಂದಾಗ ಅಧ್ಯಕ್ಷೆಯ ಕಣ್ಣು ಆ ಅರ್ಧಚಂದ್ರದ ಮೇಲೆ ನಿಂತಿತು. ಇದೇಕೆ ಹೀಗೆ ಎಂದು ಕೇಳಿದರು. ಟೀಚರ್ ಉತ್ತರಿಸಲು ಬಾಯಿ ತೆರೆದರು. ಗೆರೆಯಮ್ಮ ಮುಂದೆ ಬಂದಳು.

"ಕೈ ತಡೀಲಿಲ್ಲ, ಗುಡಿಸಿಬಿಟ್ಟೆ. ನಮ್ಮಕ್ಕ ಹೋದಾಗಿನಿಂದ ಹೀಗೇ ಗುಡಿಸ್ತಾ ಬಂದೆ. ಈ ಚೂರು ನೋಡಿ ನೀವು ಬೀದಿ ಪೂರ್ತಿ ಚೆನ್ನಾಗಿದೆ ಅಂದ್ರಿ. ಸುತ್ತ ಇರೋದನ್ನೂ ಒಮ್ಮೆ ನೋಡಿ."

ಅಧ್ಯಕ್ಷೆ ನೋಡಿದರು. ಕಾರಿನಲ್ಲಿ ಬಂದು ಹೋಗಿದ್ದ ಅಧಿಕಾರಿ ಏನೋ ಹೇಳಹೊರಟಾಗ, ಈ ಬೀದಿಯಲ್ಲಿ ನೀವು ನಡೆದದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ವಿಚಾರಿಸಿದರು. ಪುರಭವನದಲ್ಲಿ ಅಹವಾಲು ಸಂಜೆಯವರೆಗೆ ನಡೆಯಿತು. ಬಾಣಂತಿಯರು ಮಾತನಾಡಿದರು, ಔಷಧಿ ಅಂಗಡಿಯವನೂ ಮಾತನಾಡಿದ. ಬಜೆಟ್ ಪಾಸಾದಾಗ ಆ ಸಾಲು ಅದರಲ್ಲಿರಲಿಲ್ಲ. ಖಾಲಿ ಹುದ್ದೆಗಳು ಉಳಿದವು, ದಿನಗೂಲಿಯ ಹೆಂಗಸರೇ ಅವುಗಳಲ್ಲಿ ಕಾಯಂ ಆದರು. ಸೊಸೆಗೆ ಅಕ್ಕನ ಪಾಲು ಬಂತು. ಅವಳು ಅಲ್ಲಿ ಗುಡಿಸಿದ್ದು ಕೆಲವೇ ವಾರ. ಆಮೇಲೆ ಅದೇ ಗೇಟಿನೊಳಗೆ ಹೋದಳು, ಸಂಬಳ ಸಮೇತ ರಜೆಯ ಮೇಲೆ. ಅವಳ ಬದಲಿಗೆ ಬೇರೊಬ್ಬಳು ಬಂದು, ತನ್ನ ಕೂಲಿಗೆ ತಾನು ಗುಡಿಸಿದಳು. ಗೆರೆಯಮ್ಮ ಗೆರೆ ಸರಿಸಲಿಲ್ಲ.

ಇಲ್ಲಿಗೆ ಮುದುಕಿ ಹಲ್ಲಿನಲ್ಲಿ ಹುರಿ ಕಚ್ಚಿ ಕೊನೆಯ ಗಂಟು ಬಿಗಿದಳು. ಕೇಳುತ್ತಿದ್ದವರಲ್ಲಿ ಒಬ್ಬಳಿಗೆ ನಂಬಿಕೆ ಬರಲಿಲ್ಲ. ಗೆರೆಯಮ್ಮ ಆಮೇಲೆ ಒಂದು ಸಲವೂ ಆ ಕಡೆ ಕೈ ಹಾಕಲಿಲ್ಲವೇ ಎಂದು ಕೇಳಿದಳು.

"ಒಂದು ಸಲ," ಎಂದಳು ಮುದುಕಿ. "ಮೊಮ್ಮಗು ಮನೆಗೆ ಬರೋ ದಿನ. ಗೇಟಿನ ಮುಂದೆ ಎರಡು ಎಲೆ ಬಿದ್ದಿತ್ತು. ಬಗ್ಗಿ ಕೈಯಲ್ಲೇ ಹೆಕ್ಕಿ ಸೆರಗಿಗೆ ಹಾಕ್ಕೊಂಡ್ಲು. ಪೊರಕೆ ಮುಟ್ಟಲಿಲ್ಲ."

ಹೆಂಗಸರು ನಕ್ಕರು. ತಂತಮ್ಮ ಪೊರಕೆಗಳನ್ನು ನೆಲಕ್ಕೆ ಕುಟ್ಟಿ, ಕಟ್ಟು ಬಿಗಿಯಾಗಿದೆಯೇ ಎಂದು ನೋಡಿಕೊಂಡರು. ಬಿಸಿಲು ಉಗ್ರಾಣದ ಹೊಸ್ತಿಲಿನಿಂದ ಹಿಂದೆ ಸರಿದಿತ್ತು. ಒಬ್ಬೊಬ್ಬರಾಗಿ ಎದ್ದು, ಸೆರಗು ಕೊಡವಿ, ಪೊರಕೆಯನ್ನು ಹೆಗಲಿಗೇರಿಸಿಕೊಂಡು ಮನೆಯ ದಾರಿ ಹಿಡಿದರು.