ಪೂಜೆಗೆ ಮುಂಚಿನ ಉಸಿರು

ನನ್ನ ಹೆಂಡತಿ ಕಸ್ತೂರಮ್ಮನಿಗೆ ಉಬ್ಬಸ ಹೆಚ್ಚುವುದು ಬೆಳಗಿನ ಹೊತ್ತು. ಸ್ನಾನ, ಲಿಂಗಪೂಜೆ ಮುಗಿಯುವ ತನಕ ಅವಳು ಬಾಯಿಗೆ ಏನೂ ಹಾಕುವವಳಲ್ಲ. ಮದುವೆಯಾಗಿ ಶಾಮನೂರಿಗೆ ಬಂದಾಗಿನಿಂದ ನೋಡಿದ್ದೇನೆ. ಬಸುರಿಯಾಗಿದ್ದಾಗಲೂ ನೀರು ಸಹ ಕುಡಿಯುತ್ತಿರಲಿಲ್ಲ. ಈಗ ಡಾಕ್ಟರು ನೀಲಿ ಪಂಪು ಕೊಟ್ಟು, ದಮ್ಮು ಹತ್ತಿದ ಕೂಡಲೇ ಎಳೆಯಬೇಕು ಎಂದಿದ್ದಾರೆ. ಅದನ್ನೂ ಬಾಯಲ್ಲೇ ಇಡಬೇಕಲ್ಲ.

ಅವತ್ತು ಪಕ್ಕದ ಗದ್ದೆಯಲ್ಲಿ ಭತ್ತದ ಕೂಳೆಗೆ ಬೆಂಕಿ ಹಾಕಿದ್ದರು. ಹೊಗೆ ಮನೆಯೊಳಗೆ ಬಂತು. ಕಸ್ತೂರಮ್ಮ ಬಚ್ಚಲ ಬಾಗಿಲ ತನಕ ಹೋದವಳು ಅಲ್ಲೇ ಗೋಡೆ ಹಿಡಿದು ಕುಳಿತಳು. ಉಸಿರೆಳೆದರೆ ಎದೆಯೊಳಗೆ ಸಿಳ್ಳೆ.

ಪಂಪು ಹಿಡಿದು ಹೋದೆ. "ಬಾಯಿ ತಗಿ."

"ಸ್ನಾನ... ಆಗಿಲ್ಲ."

"ಇದೇನು ರೊಟ್ಟಿನಾ? ಬರೀ ಗಾಳಿ ಐತೆ."

"ಗಾಳಿ... ಇಷ್ಟು ಕಹಿ ಇರ್ತತೇನ್ರಿ? ಹರಿಹರಕ್ಕೆ... ಕರ್ಕಂಡು ಹೋಗ್ರಿ."

ಹರಿಹರದಲ್ಲಿ ಮಗಳು ಆಶಾರಾಣಿಯ ಮನೆ. ಅಲ್ಲಿ ಮೊಮ್ಮಗನಿಗೆಂದು ತಂದ ನೆಬ್ಯುಲೈಸರ್ ಇದೆ. ಹೋದ ಸಲ ಡಾಕ್ಟರನ್ನು ಕೇಳಿ, ಕಸ್ತೂರಮ್ಮನ ಮುಖಕ್ಕೆ ಮಾಸ್ಕು ಕಟ್ಟಿ ಔಷಧಿಯ ಆವಿ ಬಿಟ್ಟಾಗ ಸುಮ್ಮನೆ ಕುಳಿತಿದ್ದಳು. ಮಾಸ್ಕು ಬಾಯೊಳಗೆ ಹೋಗುವುದಿಲ್ಲವಂತೆ.

ಮಗಳಿಗೆ ಫೋನ್ ಮಾಡಿದೆ. "ಅಪ್ಪಾಜಿ, ಇಲ್ಲಿಗೆ ಹೊರಡಬ್ಯಾಡ್ರಿ. ದಾರ್ಯಾಗ ಹೆಚ್ಚುಕಮ್ಮಿ ಆದ್ರೆ? ಮೊದಲು ಪಂಪು ಎಳೀಲಿ, ಆಮೇಲೆ ಅಲ್ಲೇ ಪಕ್ಕದ ದಾವಣಗೆರೆ ಆಸ್ಪತ್ರೆಗೆ ಹೋಗ್ರಿ" ಎಂದಳು. ಫೋನನ್ನು ಕಸ್ತೂರಮ್ಮನ ಕಿವಿಗಿಟ್ಟೆ. ಅವಳು ತಲೆಯಾಡಿಸಿಯೇ ಆಗುವುದಿಲ್ಲ ಎಂದಳು.

ಅವಳ ತುಟಿ ಬಣ್ಣಗೆಡುತ್ತಿತ್ತು. ಬೈಯಲು ನನಗೂ ತ್ರಾಣವಿರಲಿಲ್ಲ. ಬಲವಂತವಾಗಿ ಒತ್ತಿ ಫಲವಿಲ್ಲ, ಒಳಗೆ ಎಳೆದುಕೊಳ್ಳಬೇಕಾದವಳು ಅವಳೇ. ದೇವರ ಜಗಲಿಯಿಂದ ವಿಭೂತಿ, ನೀರಿನ ಗಿಂಡಿ ತಂದು ಎದುರಿಗೆ ಕುಳಿತೆ.

"ಇಲ್ಲೇ ಪೂಜೆ ಮಾಡ್ಕೋ."

"ಮೈಲಿಗೆ ಮೈಯಾಗ?"

"ರಾತ್ರಿಯೆಲ್ಲ ಲಿಂಗ ನಿನ್ನ ಕೊರಳಾಗೇ ಇತ್ತಲ್ಲ. ಆಗ ಆಗದ ಮೈಲಿಗೆ ಈಗ ಎಲ್ಲಿಂದ ಬಂತು?"

ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಅವತ್ತು ಕೊರಳಿನಲ್ಲಿ ಲಿಂಗ ಕಟ್ಟಿದ್ದ ವಸ್ತ್ರ ಬಿಚ್ಚತೊಡಗಿದಳು. ಗಂಟು ಬೇಗ ಸಡಿಲಲಿಲ್ಲ, ಆದರೆ ಅವಳ ಲಿಂಗವನ್ನು ನಾನು ಮುಟ್ಟುವಂತಿಲ್ಲ. ಕಾದೆ. ಅಂಗೈಯಲ್ಲಿಟ್ಟುಕೊಂಡಾಗ ನೀರು ಬಿಟ್ಟೆ. ಮಂತ್ರ ಅರ್ಧ ತುಟಿಯಲ್ಲೇ ಉಳಿಯಿತು. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಎಡಗೈಯಲ್ಲೇ ಮುಚ್ಚಿ ಹಿಡಿದು, ಬಾಯಿ ತೆರೆದಳು.

ಪಂಪು ಅಲ್ಲಾಡಿಸಿ ಒತ್ತಿದೆ. ಎಳೆದು, ಆದಷ್ಟು ಹೊತ್ತು ಉಸಿರು ಹಿಡಿದಳು. ಮತ್ತೊಮ್ಮೆ ಒತ್ತಿದೆ. ಸಿಳ್ಳೆ ನಿಲ್ಲಲಿಲ್ಲ, ಸಣ್ಣಗಾಯಿತು.

ನಾನು ಫೋನ್ ಮಾಡಿ ಕರೆದ ಆಟೋ ಬರುವಷ್ಟರಲ್ಲಿ ಎದ್ದು ನಿಂತಿದ್ದಳು. "ಇದು ಪೂಜೆ ಅಲ್ಲ ಮತ್ತೆ. ಆಸ್ಪತ್ರೆಯಿಂದ ಬಂದು ಸ್ನಾನ ಮಾಡಿ ಸರಿಯಾಗಿ ಮಾಡ್ತೀನಿ. ಅಲ್ಲಿ ಚಾ ಗೀ ಕುಡಿ ಅನ್ನಬ್ಯಾಡ್ರಿ."

"ಆತು. ನಾಳೆ ಬೆಳಿಗ್ಗೆ ದಮ್ಮು ಹತ್ತಿದ್ರೆ?"

"ನಾಳೆದು ನಾಳೆ ನೋಡಾನು. ಈಗ ಕೈ ಕೊಡ್ರಿ, ಹತ್ತಾಕ ಆಗವಲ್ದು."

ಕೈ ಕೊಟ್ಟೆ.