ಮೂರು ಏಟು

ಅತ್ತೆ ಚಹಾದ ಲೋಟವನ್ನು ಅವಳ ಕೈಗೆ ಕೊಡಲಿಲ್ಲ; ಅಡುಗೆಕಟ್ಟೆಯ ಮೇಲೆ ಕುಕ್ಕಿ ಬೆನ್ನು ತಿರುಗಿಸಿದರು. ಚಹಾ ತುಳುಕಿ ಕಟ್ಟೆಯಂಚಿನವರೆಗೂ ಹರಿಯಿತು. ಅವಳು ಬಟ್ಟೆ ತಂದು ಒರೆಸಿದಳು. ಒರೆಸುತ್ತಲೇ ಕಿವಿಯನ್ನು ಕಿಟಕಿಯ ಕಡೆಗಿಟ್ಟಿದ್ದಳು.

ಇಳಿಜಾರಿನ ಕೆಳಗೆ, ದೋಣಿ ನಿಲ್ಲುವ ಜೆಟ್ಟಿಯಿಂದ ಇನ್ನೂ ಯಾವ ಸದ್ದೂ ಇರಲಿಲ್ಲ.

ನಿನ್ನೆ ಅವಳ ಗಂಡನನ್ನು ಮಣ್ಣು ಮಾಡಿ ಬಂದಿದ್ದರು. ದೂರದ ನೆಂಟರು ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದಿದ್ದರು. ಪಕ್ಕದ ಮನೆಯವರು ರೇಡಿಯೊ ಹಾಕಿ, ನೆನಪಾದವರಂತೆ ತಟ್ಟನೆ ಆರಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸಣ್ಣಗೆ ಹಾಕಿದ್ದರು.

"ನೀವು ಕುಡಿದ್ರಾ ಅತ್ತೆ?"

ಅತ್ತೆ ಪಾತ್ರೆ ಉಜ್ಜುತ್ತಿದ್ದರು. ಉಜ್ಜಿದ್ದನ್ನೇ ಉಜ್ಜುತ್ತಿದ್ದರು.

"ನಿನ್ನೆಯಿಂದ ಅಮ್ಮ ನಿನ್ನ ಹತ್ರ ಮಾತಾಡ್ತಿಲ್ಲ," ಗಂಡನ ಅಣ್ಣ ಹೊರಗಿನ ಕೋಣೆಯಿಂದ ಹೇಳಿದರು. "ನೀನು ಮಾಡಿದ ಕೆಲಸಕ್ಕೆ ಯಾರು ತಾನೇ ಮಾತಾಡ್ತಾರಮ್ಮ?"

"ನೀವು ಮಾತಾಡ್ತಿದ್ದೀರಲ್ಲ ಭಾವ," ಎಂದಳು.

ಅವರು ಕೆಮ್ಮಿದರು.

*

ನಿನ್ನೆ ಬೆಳಿಗ್ಗೆ ಜೆಟ್ಟಿಯ ಕೆಲಸದವರೆಲ್ಲ ಒಟ್ಟಿಗೇ ಬಂದಿದ್ದರು. ಕೆಸರಿನ ಬೂಟುಗಳನ್ನು ಬಾಗಿಲಲ್ಲಿ ಸಾಲಾಗಿ ಬಿಟ್ಟು, ತೂತುಬಿದ್ದ ಕಾಲುಚೀಲಗಳಲ್ಲಿ ಶವಪೆಟ್ಟಿಗೆಯ ಸುತ್ತ ನಿಂತರು. ಎಲ್ಲಿ ನೋಡಬೇಕೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಡೆಗೆ ಮೇಸ್ತ್ರಿ ಬಾಯಿ ಬಿಟ್ಟ.

"ನಮ್ಮ ನಿಲ್ಲಿಸಪ್ಪ ಇಷ್ಟು ಸುಮ್ಮನೆ ಮಲಗಿದ್ದು ನಾನು ನೋಡೇ ಇಲ್ಲ."

ಅಲ್ಲಿ ಅವನಿಗೆ ಅದೇ ಹೆಸರು. ದಡ ದಾಟಿಸುವ ಫೆರಿ ಓಡುತ್ತಿದ್ದಾಗ ಅವನು ಹಗ್ಗ ಎಸೆದು ಕಟ್ಟುವವನು. ಜೆಟ್ಟಿಯ ಮರದ ಕಂಬಗಳು ಹುಳ ತಿಂದು ಟೊಳ್ಳಾದಾಗ ಫೆರಿ ನಿಂತಿತು. ಹಳೆಯ ಕಂಬಗಳನ್ನು ಕಿತ್ತು ಕಬ್ಬಿಣದ ಕಂಬಗಳನ್ನು ನೀರಿನ ತಳಕ್ಕೆ ಬಡಿದು ಇಳಿಸುವ ಕೆಲಸ ಶುರುವಾಯಿತು. ಆ ಬಡಿತದ ಸದ್ದು ನೀರೊಳಗೆ ಜೀವಗಳನ್ನು ಕೊಲ್ಲುತ್ತದೆ. ಅದಕ್ಕೆ ಬಡಿಯುವ ಕಂಬದ ಸುತ್ತ ತೂತಿನ ಪೈಪನ್ನು ಬಳೆಯ ಹಾಗೆ ತಳದಲ್ಲಿ ಹಾಸಿ ಗಾಳಿ ಬಿಡುತ್ತಾರೆ. ಗುಳ್ಳೆಗಳು ಗೋಡೆಯಂತೆ ಏಳುತ್ತವೆ. ಸದ್ದು ಅದಕ್ಕೆ ತಾಗಿ ಕುಗ್ಗುತ್ತದೆ. ಅಷ್ಟಾದರೂ ಒಬ್ಬರು ನೀರನ್ನೇ ನೋಡುತ್ತ ನಿಂತಿರಬೇಕು. ಡಾಲ್ಫಿನ್ನೋ ನೀರುನಾಯಿಯೋ ಹತ್ತಿರ ಬಂದರೆ ಕೆಲಸ ನಿಲ್ಲಿಸಬೇಕು. ಎಲ್ಲರ ಬೈಗುಳ ತಿನ್ನುವ ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು. ಹಗ್ಗದವನು ಕೆಲಸವಿಲ್ಲದೆ ಕೂತಿದ್ದ; ಅದು ಅವನಿಗೇ ಬಂತು, ಹೆಸರೂ ಅಲ್ಲಿಂದಲೇ ಬಂತು.

"ಬೂಟಿಗೆ ನಿಲ್ಲಿಸಿದ್ದು ನೆನಪಿದೆಯಾ?" ಎಂದ ಮುಳುಗುಗಾರ. ಪೈಪು ಹಾಸಲು ನೀರಿಗಿಳಿಯುವವನು ಅವನೇ. "ತೇಲಿ ಬರ್ತಿದ್ದ ಹಳೇ ಬೂಟು ನೋಡಿ ನೀರುನಾಯಿ ಅಂತ ಕೈ ಎತ್ತಿಬಿಟ್ಟ. ಅರ್ಧ ಗಂಟೆ ಎಲ್ಲರೂ ಬೂಟಿಗೆ ದಾರಿ ಬಿಟ್ಟುಕೊಂಡು ನಿಂತಿದ್ವಿ."

"ಅವನದ್ದು ಬಿಡಿ. ನಾನು ಜಡೆ ಸುತ್ತಿಕೊಳ್ಳೋಕೆ ಕೈ ಎತ್ತಿದ್ರೂ ಕೆಲಸ ನಿಂತಿತ್ತಲ್ಲ," ಟಿಕೆಟ್ ಕೊಡುವ ಹೆಂಗಸು ಮೂಗೊರೆಸಿಕೊಳ್ಳುತ್ತ ನಕ್ಕಳು.

"ನಿಯಮ ಅಂದ್ರೆ ನಿಯಮ," ಎಂದ ಮೇಸ್ತ್ರಿ. "ತಲೆ ಮೇಲೆ ಎರಡು ಕೈ ಅಡ್ಡ ಬಂತೋ, ಸುತ್ತಿಗೆ ಬೀಳಬಾರದು. ಯಾರ ಕೈ ಅಂತ ಆಮೇಲೆ ಕೇಳ್ಕೋಬೇಕು."

ಮೂಲೆಯಲ್ಲಿದ್ದ ಕ್ರೇನ್ ಆಪರೇಟರ್ ನಗಲಿಲ್ಲ. ಸುತ್ತಿಗೆ ಎತ್ತಿ ಬಿಡುವವನು ಅವನು. ದಿನವಿಡೀ ನಿಲ್ಲಿಸಪ್ಪನ ಜೊತೆ ಜಗಳವಾಡುತ್ತಿದ್ದವನೂ ಅವನೇ. ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವರ ಎರಡೂ ಕೈ ಹಿಡಿದುಕೊಂಡ.

"ಅಮ್ಮ, ನಮ್ಮ ಕಂಬದವರಲ್ಲಿ ಒಂದು ಪದ್ಧತಿ ಇದೆ. ನಮ್ಮವನೊಬ್ಬ ಹೋದ್ರೆ ಕಂಬಕ್ಕೆ ಮೂರು ಏಟು ಹಾಕ್ತೀವಿ, ಪೂರಾ ಜೋರಲ್ಲಿ. ಆಚೆ ದಡಕ್ಕೆಲ್ಲ ಕೇಳಬೇಕು. ಅವನನ್ನ ದೋಣೀಲಿ ದಾಟಿಸೋವಾಗ ಹಾಕ್ತೀನಿ. ಅವನು ನಮ್ಮವನೇ ಅಲ್ವಾ?"

ಅತ್ತೆ ಆ ಕೈಗಳ ಮೇಲೆ ಹಣೆಯಿಟ್ಟು ಅತ್ತರು. "ಹಾಕಪ್ಪ. ಜೀವನ ಇಡೀ ನನ್ನ ಮಗನನ್ನ ಆಡಿಕೊಂಡು ನಕ್ಕವರೇ. ಒಂದು ಸಲ ಎಲ್ಲರಿಗೂ ಕೇಳಲಿ."

ಅವಳು ಆಗ ಒಳಗೆ ಗಂಡನ ಅಂಗಿಯ ಗುಂಡಿ ಹೊಲಿಯುತ್ತಿದ್ದಳು. ಇದೊಂದೂ ಅವಳ ಕಿವಿಗೆ ಬೀಳಲಿಲ್ಲ.

*

ಕೆಲಸ ಶುರುವಾದ ಹೊಸದರಲ್ಲಿ ಒಂದು ಸಂಜೆ ಗಂಡ ಊಟದ ಡಬ್ಬಿಯಲ್ಲಿ ಮೀನು ತಂದಿದ್ದ. ಬೆರಳುದ್ದದವು. ತರಕಾರಿ ಹೆಚ್ಚುವ ಮಣೆಯ ಮೇಲೆ ಸುರಿದ.

"ಥೂ, ಅದು ನಾಳೆ ಸೌತೆಕಾಯಿ ಹೆಚ್ಚೋ ಮಣೆ!"

"ಒಂದೇ ಒಂದು ನೋಡು. ಆಮೇಲೆ ನಾನೇ ತೊಳೀತೀನಿ."

ಹೊರಗಿನಿಂದ ಮೀನಿಗೆ ಗಾಯವೇ ಇರಲಿಲ್ಲ. ಬ್ಲೇಡಿನಿಂದ ಹೊಟ್ಟೆ ಸೀಳಿದ. ಒಳಗೆ ಒಂದು ತೆಳುವಾದ ಚೀಲ ಹರಿದು ಚಿಂದಿಯಾಗಿತ್ತು, ಸುತ್ತ ರಕ್ತ ಹೆಪ್ಪುಗಟ್ಟಿತ್ತು.

"ಗಾಳಿಚೀಲ. ತೇಲೋಕೆ ಇಟ್ಕೊಂಡಿರುತ್ತೆ. ಇವತ್ತು ಗಾಳಿ ಬಿಡೋ ಕಂಪ್ರೆಸರ್ ಕೆಟ್ಟಿತ್ತು. ಒಂದೇ ಒಂದು ಏಟು ಹಾಕಿ ನೋಡೋಣ ಅಂದ್ರು. ನಾನೂ ಹೂಂ ಅಂದೆ." ಬ್ಲೇಡನ್ನು ಒರೆಸಿದ. "ಮೆಲ್ಲಗೆ ಶುರು ಮಾಡಿದ್ರೆ ಹೆದರಿ ಓಡಿಹೋಗ್ತವೆ. ಜೋರಾಗಿ ಬಿದ್ದ ಮೊದಲನೇ ಏಟಿಗೆ ಓಡೋಕೆ ಪುರಸೊತ್ತೇ ಇಲ್ಲ ಕಣೇ."

"ಆಚೆ ದಡದ ಬಸುರಿಯರು ಆಸ್ಪತ್ರೆಗೆ ಸಣ್ಣ ದೋಣೀಲಿ ಬರ್ತಿದ್ದಾರೆ," ಎಂದಿದ್ದಳು ಅವಳು. "ಕೆಲಸ ಬೇಗ ಮುಗೀಲಿ ಅಂತ ಜನ ಕಾಯ್ತಿದ್ದಾರೆ. ನೀನು ಮೀನಿನ ಹೊಟ್ಟೆ ನೋಡ್ತಾ ಕೂತಿದ್ದೀಯ."

"ಅವರೂ ಕಾಯ್ತಿದ್ದಾರೆ, ಇವೂ ಸಾಯ್ತಿವೆ," ಎಂದ. "ಎರಡೂ ನಿಜ."

ಮಣೆಯನ್ನು ಅವನು ಸೋಪು ಹಾಕಿ ತೊಳೆದ. ವಾಸನೆ ಹೋಗಲಿಲ್ಲ. ಅವಳು ಹೊಸ ಮಣೆ ತಂದಳು. ಆ ವಿಷಯಕ್ಕೆ ಒಂದು ವಾರ ಮುನಿಸಿಕೊಂಡಿದ್ದಳು.

*

ಹೂಳುವ ಜಾಗ ಆಚೆ ದಡದಲ್ಲಿ. ಪೆಟ್ಟಿಗೆಯನ್ನು ದೋಣಿಯ ಮಧ್ಯೆ ಇಟ್ಟು, ಅದರ ಎರಡೂ ಪಕ್ಕ ಮನೆಯವರು ಕೂತರು. ಜಾಗ ಸಾಲದೆ ಚಿಕ್ಕತ್ತೆ ಪೆಟ್ಟಿಗೆಯ ಮೇಲೆ ಮೊಣಕೈ ಊರಿದ್ದರು. ಮೇಸ್ತ್ರಿ, ಮುಳುಗುಗಾರ ಹಿಂದಿದ್ದರು. ದೋಣಿ ಜೆಟ್ಟಿಯ ಪಕ್ಕಕ್ಕೆ ಬಂದಾಗ ಅವಳು ನೀರಿನ ಕಡೆ ಬಗ್ಗಿದಳು. ಹಳೆಯ ಕಂಬಗಳ ನೆರಳಲ್ಲಿ ನೀರು ಕಪ್ಪಗಿತ್ತು. ಆ ಕಪ್ಪು ಅಲುಗಿತು. ಒಮ್ಮೆಗೇ ಎಡಕ್ಕೆ ಹೊರಳಿ, ಒಮ್ಮೆಗೇ ಬಲಕ್ಕೆ ಹೊರಳಿತು. ಮೀನುಮರಿಗಳು. ದೋಣಿಯ ಕೆಳಗೂ ಅವೇ ಇದ್ದವು.

ಮೇಲೆ ಕ್ರೇನ್ ಎಂಜಿನ್ ಗುಡುಗಿತು. ಸುತ್ತಿಗೆ ಏರತೊಡಗಿತು.

"ಇವತ್ತು ಕೆಲಸ ಇದೆಯಾ?" ಎಂದಳು.

"ಕೆಲಸ ಅಲ್ಲಮ್ಮ, ಗೌರವ," ಮೇಸ್ತ್ರಿ ಎದೆಯ ಮೇಲೆ ಟೋಪಿ ಹಿಡಿದಿದ್ದ. "ಅವನಿಗೆ ಅಂತ ಮೂರು ಏಟು."

"ಪೈಪ್ ಇಳಿಸಿದ್ದೀರಾ?"

ಮೇಸ್ತ್ರಿ ಮುಳುಗುಗಾರನನ್ನು ನೋಡಿದ. ಮುಳುಗುಗಾರ ತನ್ನ ಒಗೆದ ಅಂಗಿಯನ್ನು ನೋಡಿಕೊಂಡ. ಹಿಂದಿನ ಕಂಬದಿಂದ ಮೇಲೆತ್ತಿದ ಪೈಪು ಇನ್ನೂ ಜೆಟ್ಟಿಯ ಮೇಲೇ ಸುರುಳಿ ಬಿದ್ದಿತ್ತು.

"ಮೂರೇ ಏಟಲ್ವಾ ಅಮ್ಮ."

"ಬೇಡ. ನಿಲ್ಲಿಸೋಕೆ ಹೇಳಿ."

ದೋಣಿಯಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. "ಸುಮ್ಮನಿರಮ್ಮ," ಎಂದರು ಭಾವ. "ಜನ ನೋಡ್ತಿದ್ದಾರೆ."

"ಎಂ.ಎ. ಮಾಡಿದ್ದು ಇದಕ್ಕಾ?" ಚಿಕ್ಕತ್ತೆ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿತು. "ದುಃಖಕ್ಕೆ ತಲೆ ನಿಂತಿಲ್ಲ, ಪಾಪ."

ಅತ್ತೆ ಪೆಟ್ಟಿಗೆಯ ಆಚೆಯಿಂದ ಕೈಚಾಚಿ ಅವಳ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ ಹಿಡಿದರು. "ನಾನೇ ಕೇಳಿಕೊಂಡಿದ್ದು. ನನ್ನ ಮಗನಿಗೆ ಅದೊಂದು ಇರಲಿ. ನಿನ್ನ ಕಾಲು ಹಿಡೀತೀನಿ."

ಇಷ್ಟು ವರ್ಷಗಳಲ್ಲಿ ಅತ್ತೆ ಅವಳಲ್ಲಿ ಏನನ್ನೂ ಕೇಳಿರಲಿಲ್ಲ. ಜ್ವರ ಬಂದಾಗ ನೀರು ಕೂಡ ಕೇಳಿರಲಿಲ್ಲ.

ಸುತ್ತಿಗೆ ತುದಿ ಮುಟ್ಟುತ್ತಿತ್ತು. ಕ್ಯಾಬಿನ್ನಿನಲ್ಲಿದ್ದ ಆಪರೇಟರ್ ದೋಣಿಯನ್ನೇ ನೋಡುತ್ತಿದ್ದ. ಪೆಟ್ಟಿಗೆ ತನ್ನ ನೇರಕ್ಕೆ ಬರಲಿ ಎಂದು ಕಾಯುತ್ತಿದ್ದ. ಕೂಗಿದರೆ ಕೇಳುವಂತಿರಲಿಲ್ಲ.

ಅವಳು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎದ್ದು ನಿಂತಳು. ದೋಣಿ ವಾಲಿತು, ಚಿಕ್ಕತ್ತೆ ಚೀರಿದರು, ಪೆಟ್ಟಿಗೆ ಒಂದು ಗೇಣು ಸರಿಯಿತು. ಅವಳು ಕಾಲಗಲಿಸಿ ನಿಂತು, ಗಂಡ ತೋರಿಸಿಕೊಟ್ಟಿದ್ದಂತೆ, ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದಳು.

ಸುತ್ತಿಗೆ ನಿಂತಿತು. ಆಪರೇಟರ್ ಗಾಜಿಗೆ ಮುಖ ತಂದು ಕೈಯಾಡಿಸಿದ: ಏನು? ಯಾಕೆ? ಅವಳು ಕೈ ಇಳಿಸಲಿಲ್ಲ. ದೋಣಿ ಜೆಟ್ಟಿಯನ್ನು ದಾಟುತ್ತಿತ್ತು. ಅವನು ಮತ್ತೊಮ್ಮೆ ಕೈಯಾಡಿಸಿದ, ಈ ಸಲ ಸಿಟ್ಟಿನಿಂದ. ಆಮೇಲೆ ಎಂಜಿನ್ ಆರಿತು.

ಸದ್ದು ಅಷ್ಟು ಪೂರ್ತಿಯಾಗಿ ಹೋಯಿತೆಂದರೆ, ದೋಣಿಯವನು ತಾನೂ ಯಾಕೋ ಮೋಟಾರು ಆರಿಸಿ ಹುಟ್ಟು ಕೈಗೆತ್ತಿಕೊಂಡ. ನೀರು ಹಲಗೆಗೆ ಬಡಿಯುವುದು ಕೇಳಿತು. ಎತ್ತರದಲ್ಲಿ ಸುತ್ತಿಗೆಯ ಸರಪಳಿ ಗಾಳಿಗೆ ಕಿರುಗುಡುವುದು ಕೇಳಿತು. ಆಚೆ ದಡ ಬರುವವರೆಗೂ ಅವಳು ನಿಂತೇ ಇದ್ದಳು.

"ಇಷ್ಟೂ ಬೇಡವಾಯ್ತಾ ನಿನಗೆ?" ಎಂದರು ಅತ್ತೆ. ನಿನ್ನೆ ಅವರು ಆಡಿದ ಕೊನೆಯ ಮಾತು ಅದು.

*

ಅವಳು ಚಹಾ ಕುಡಿದು ಲೋಟ ತೊಳೆದಿಟ್ಟಳು. ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಕೋಣೆಯಿಂದ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಅವನು ಜೆಟ್ಟಿಯ ಮೇಲೆ ಕುಸಿದು ಬಿದ್ದ ದಿನ ಮೈಮೇಲಿದ್ದದ್ದೆಲ್ಲ ಅದರಲ್ಲಿತ್ತು: ಬೆಲ್ಟು, ವಾಚು, ಕತ್ತರಿಸಿ ತೆಗೆದ ಅಂಗಿ. ಅತ್ತೆ ಅದರಿಂದ ಒಂದು ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಯಾರದು? ನನ್ನ ಮಗ ಕನ್ನಡಕ ಹಾಕ್ತಿರಲಿಲ್ಲ."

"ಕ್ರೇನ್ ಆಪರೇಟರದು. ಬಿಸಿಲಿಗೆ ನೀರು ಕನ್ನಡಿ ಥರ ಹೊಳೆಯುತ್ತಂತೆ, ಒಳಗೆ ಏನೂ ಕಾಣಲ್ಲ. ಇದು ಹಾಕ್ಕೊಂಡ್ರೆ ಕಾಣುತ್ತೆ ಅಂತ ಇಸ್ಕೊಂಡಿದ್ದ."

ಅತ್ತೆ ಕನ್ನಡಕದ ಗಾಜನ್ನು ಸೆರಗಿನಿಂದ ಒರೆಸಿದರು. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು.

"ಇನ್ನೊಬ್ಬರ ವಸ್ತು ಮನೇಲಿ ಇಟ್ಕೋಬಾರದು," ಎಂದರು. "ಕೊಟ್ಟು ಬಾ." ಅವಳು ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ದನಿ ಬಂತು. "ಬಿಸಿಲಿದೆ. ತಲೆ ಮೇಲೆ ಏನಾದ್ರೂ ಹಾಕ್ಕೋ."

ಜೆಟ್ಟಿಯಲ್ಲಿ ಪೈಪು ನೀರಿಗಿಳಿದಿತ್ತು. ಮುಳುಗುಗಾರ ಒದ್ದೆ ಮೈಯಲ್ಲಿ ಕೂತು ಬನ್ನು ತಿನ್ನುತ್ತಿದ್ದ. ಅವಳನ್ನು ಕಂಡು ತಿನ್ನುವುದು ನಿಲ್ಲಿಸಿದ. ಮೇಸ್ತ್ರಿ ಟೋಪಿ ತೆಗೆದ.

"ನೀರು ನೋಡೋಕೆ ಯಾರು ಬಂದಿದ್ದಾರೆ?" ಎಂದು ಕೇಳಿದಳು.

"ಬರ್ತಾರಮ್ಮ. ಮುಂದಿನ ವಾರ ಕಳಿಸ್ತೀವಿ ಅಂದಿದ್ದಾರೆ ಮೇಲಿನವರು."

"ಅಲ್ಲಿವರೆಗೆ ಬಡಿಯೋದಿಲ್ವಾ?"

"ಕೆಲಸ ನಿಲ್ಲಿಸಬೇಡಿ ಅಂತಾನೂ ಅಂದಿದ್ದಾರೆ." ಮೇಸ್ತ್ರಿ ಟೋಪಿಯ ಅಂಚು ತಿರುವಿದ. "ಪೈಪಂತೂ ಹಾಕಿದ್ದೀವಿ. ಸುಳ್ಳು ಹೇಳಲ್ಲ."

ಆಪರೇಟರ್ ಕ್ಯಾಬಿನ್ನಿನ ಏಣಿಯ ಮೊದಲ ಮೆಟ್ಟಿಲ ಮೇಲಿದ್ದ. ಅವಳು ಹತ್ತಿರ ಬಂದರೂ ಇಳಿಯಲಿಲ್ಲ.

"ನಿನ್ನೆ ಇಷ್ಟು ಜನರ ಮುಂದೆ ನನ್ನ ಮಾನ ಕಳೆದ್ರಿ," ಎಂದ. "ಜೀವ ಇದ್ದಾಗ ಅವನು, ಹೋದ ಮೇಲೆ ನೀವು."

"ಹೌದು."

ಅವಳು ಕನ್ನಡಕ ಚಾಚಿದಳು.

"ನಿಮ್ಮದು."

ಅವನು ಅದನ್ನು ತೆಗೆದುಕೊಳ್ಳದೆ ನೋಡಿದ. "ಒಂದು ದಿನಕ್ಕೆ ಅಂತ ಇಸ್ಕೊಂಡವನು. ಕೇಳಿದಾಗಲೆಲ್ಲ ನಾಳೆ ಅಂತಿದ್ದ. ಬಿಸಿಲಲ್ಲಿ ನನ್ನ ಕಣ್ಣು ಉರಿದು ಹೋಗ್ತಿತ್ತು, ಕಳ್ಳ ನನ್ಮಗ." ಏಣಿಯ ಕಡೆ ತಿರುಗಿದ. "ಇರಲಿ, ನೀವೇ ಇಟ್ಕೊಳ್ಳಿ."

"ನನಗೆ ಬೇಡ. ಅವನು ಎರವಲು ತಂದಿದ್ದು. ಈಗ ನೀರು ನೋಡೋಕೆ ಯಾರೂ ಇಲ್ಲ ಅಂದ್ರು."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ. ಅವನು ಏಣಿಯಿಂದ ಇಳಿದು ಕನ್ನಡಕ ತೆಗೆದುಕೊಂಡ. ಒಂದು ಕಡ್ಡಿ ಸಡಿಲವಾಗಿತ್ತು. ಹಲ್ಲಿನಿಂದ ಒತ್ತಿ ಸರಿಮಾಡಿ ಹಾಕಿಕೊಂಡ.

ಕಂಪ್ರೆಸರ್ ಶುರುವಾಯಿತು. ಕಂಬದ ಸುತ್ತ ನೀರು ಬೆಳ್ಳಗೆ ಕುದಿಯತೊಡಗಿತು.

"ಹತ್ತಯ್ಯ ಮೇಲೆ!" ಮೇಸ್ತ್ರಿ ಕೂಗಿದ. "ಹೊತ್ತಾಯ್ತು!"

ಆಪರೇಟರ್ ಏಣಿಯನ್ನು ಬಿಟ್ಟು ಜೆಟ್ಟಿಯ ಅಂಚಿಗೆ ನಡೆದ. ಎರಡೂ ಮೊಣಕಾಲೂರಿ, ಹಲಗೆಯನ್ನು ಹಿಡಿದು, ನೀರಿನ ಮೇಲೆ ಬಗ್ಗಿದ.

"ಹತ್ತೋ ಅಂದ್ರೆ!"

"ತಡಿ ಮಾರಾಯ," ಅವನು ತಲೆ ಎತ್ತದೆ ಹೇಳಿದ. "ನೋಡ್ತಿದ್ದೀನಿ."