ಮುಂದಿನ ಹತ್ತು ವರ್ಷಕ್ಕೆ ಎರಡು ಪುಟ

ಅಡಿವೆಪ್ಪನಿಗೆ ಐವತ್ತು ತುಂಬಿದ್ದು ಗುರುವಾರ. ಅಂದು ಬೆಳಿಗ್ಗೆ ಹೆಂಡತಿ ನಿರ್ಮಲಾ ಗೋದಿ ಹುಗ್ಗಿಯ ಬಟ್ಟಲಿನ ಪಕ್ಕದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇಟ್ಟಳು. ಮೊದಲ ಹಾಳೆ ಬಿಟ್ಟು, ಎದುರುಬದುರಿನ ಎರಡು ಪುಟಗಳ ತಲೆಯಲ್ಲಿ ಅವಳೇ ಬರೆದಿದ್ದಳು. ಎಡಕ್ಕೆ ‘ನನಗಾಗಿ’. ಬಲಕ್ಕೆ ‘ದೇವರ ಕಡೆಗೆ’.

“ಇದೇನು?”

“ಮುಂದಿನ ಹತ್ತು ವರ್ಷದಾಗ ಏನ್ ಮಾಡಬೇಕಂತೀರಿ, ಬರೀರಿ. ಶನಿವಾರ ರೈಲಿನಾಗ ಓದ್ತೇನಿ.”

“ಬ್ಯಾಂಕಿನ್ಯಾಗ ಟಾರ್ಗೆಟ್ ಕೊಟ್ಟಂಗ ಕೊಡಾಕತ್ತೀಯಲ್ಲ.”

“ಬ್ಯಾಂಕಿನ್ಯಾಗ ಮ್ಯಾಲಿನವ್ರು ಹಾಕ್ತಾರ. ಇಲ್ಲಿ ನೀವ ಹಾಕ್ಕೊಳ್ರಿ.”

ಹುಗ್ಗಿ ಚಲೋ ಆಗೇತಿ ಎಂದು ಅವನು ಹೇಳಿದ. ಬೆಲ್ಲ ಸರಿಯಾಗಿ ಬಿದ್ದಿದೆ ಎಂಬುದು ತಿಳಿಯಿತು, ಅಷ್ಟೇ. ಕೋಯಿಕ್ಕೋಡಿನಲ್ಲಿ ಓದುತ್ತಿದ್ದ ಮಗಳು ಪ್ರತೀಕ್ಷಾ ಫೋನ್ ಮಾಡಿ, “ಹ್ಯಾಪಿ ಬರ್ತ್‌ಡೇ ಅಪ್ಪಾ, ಚೆಲವು ಉಂಡೋ?” ಎಂದು ಮಲಯಾಳದಲ್ಲಿ ಪಾರ್ಟಿ ಕೇಳಿದಳು. ಪಾರ್ಟಿ ಕೊಡಿಸುತ್ತೇನೆ ಎಂದು ಇವನು ಕನ್ನಡದಲ್ಲಿ ಹೇಳಿದ. ಮಾತು ಎರಡು ನಿಮಿಷಕ್ಕೆ ಮುಗಿಯಿತು.

ನಿರ್ಮಲಾ ಕೊಚ್ಚಿಯ ಕಲೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಬಡ್ತಿಯ ಮೇಲೆ ಅವಳಿಗೆ ತಿರುವನಂತಪುರಕ್ಕೆ ವರ್ಗವಾಗಿತ್ತು. ಸೋಮವಾರ ಅಲ್ಲಿ ಹಾಜರಾಗಬೇಕು. ಅಡಿವೆಪ್ಪ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ವರ್ಗ ಬೇಕಾದವರು ಅರ್ಜಿ ಕೊಡಿ ಎಂದು ಅವನ ಕಚೇರಿಯಲ್ಲೂ ಸುತ್ತೋಲೆ ಬಂದಿತ್ತು. ಕೊನೆಯ ದಿನ ಅದೇ ಸೋಮವಾರ. ತಿರುವನಂತಪುರದಲ್ಲಿ ಎರಡು ಜಾಗ ಖಾಲಿ ಇದ್ದವು, ಗಂಡ ಹೆಂಡತಿ ಒಂದೇ ಊರಿನಲ್ಲಿರಲು ಕೇಳಿದರೆ ಸಾಮಾನ್ಯವಾಗಿ ಸಿಗುತ್ತಿತ್ತು.

ನೀವೇನು ಮಾಡ್ತೀರಿ ಎಂದು ನಿರ್ಮಲಾ ಮೂರು ವಾರದಲ್ಲಿ ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನು “ನಿನ್ನಿಷ್ಟ” ಎಂದಿದ್ದ. ನಾಲ್ಕನೆಯ ಸಲ ಅವಳು ಕೇಳಲಿಲ್ಲ, ನೋಟ್‌ಬುಕ್ ತಂದಳು. ಅವನು ತಾನಾಗಿ ಬರುತ್ತೇನೆ ಅನ್ನುತ್ತಾನೋ ಇಲ್ಲವೋ ಎಂಬುದನ್ನೇ ಆ ಎರಡು ಪುಟ ಕೇಳುತ್ತಿವೆ ಎಂದು ಇಬ್ಬರಿಗೂ ಗೊತ್ತಿತ್ತು.

ಅವರ ನಡುವೆ ಜಗಳ ಇರಲಿಲ್ಲ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. ಸುಮಾರು ಮೂರು ವರ್ಷದಿಂದ ಅಡಿವೆಪ್ಪನಿಗೆ ಯಾವುದೂ ಬೇಕು ಅನಿಸುತ್ತಿರಲಿಲ್ಲ. ಬೇಡ ಎಂದೂ ಅನಿಸುತ್ತಿರಲಿಲ್ಲ. ಸಾವು, ಸಾಲ, ಕಚೇರಿಯ ತಕರಾರು ಎಂದು ತೋರಿಸಬಹುದಾದ ಕಾರಣ ಒಂದೂ ಇರಲಿಲ್ಲ. ಥೈರಾಯ್ಡ್, ಬಿ-12 ಎಲ್ಲವೂ ಮಿತಿಯೊಳಗಿದ್ದವು. ಎಂಟಕ್ಕೆ ಹೊರಟು ಆರೂವರೆಗೆ ಮನೆಗೆ ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಹೊರಗಿನವರಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವನು ನೋಟ್‌ಬುಕ್ ತೆರೆದು ಕೂತಿದ್ದ. ಪಕ್ಕದ ಮೇಜಿನ ಜಾಯ್ಸ್ ಮಂಗಳೂರಿನವಳು, ಅವನಿಗಿಂತ ನಾಲ್ಕು ವರ್ಷ ಹಿರಿಯಳು. ಆ ಮಹಡಿಯಲ್ಲಿ ಕನ್ನಡ ಮಾತಾಡುವವರು ಅವರಿಬ್ಬರೇ.

“ಎಂತ ಸಾರ್, ನಿನ್ನೆ ಐವತ್ತು ಆಯ್ತಂತಲ್ಲ! ಒಂದು ಕೇಕ್ ಸಹಾ ಇಲ್ಲ. ಎಂತ ಬರೀತಾ ಇದ್ದೀರಿ, ಉಯಿಲಾ?”

ಅವನು ವಿಷಯ ಹೇಳಿದ.

“ನಂಗೂ ಐವತ್ತಾದಾಗ ಇಗರ್ಜಿಯಲ್ಲಿ ಫಾದರ್ ಬರೆಸಿದ್ರು. ಮೂರು ಬರ್ದಿದ್ದೆ. ದಿನಾ ವಾಕಿಂಗ್, ದಿನಾ ರೋಸರಿ, ನಾದಿನಿಯನ್ನು ಕ್ಷಮಿಸುವುದು.”

“ಆತೇನ್ರಿ?”

“ವಾಕಿಂಗ್ ಮಾಡ್ತಾ ರೋಸರಿ ಹೇಳ್ತೇನೆ. ರೋಸರಿ ಹೇಳ್ತಾ ನಾದಿನಿಗೆ ಬೈತೇನೆ.” ಜಾಯ್ಸ್ ಡಬ್ಬಿಯ ಮುಚ್ಚಳ ಹಾಕಿದಳು. “ಅದಿರ್ಲಿ, ಮೇಡಂಗೆ ಟ್ರಿವೇಂಡ್ರಂ ಆಯ್ತಲ್ಲ. ನೀವು ಅರ್ಜಿ ಕೊಟ್ರಾ?”

“ಸೋಮವಾರದ ತನಕ ಟೈಮ್ ಐತ್ರಿ.”

“ಟೈಮ್ ಉಂಟಾ ಅಂತ ನಾನು ಕೇಳಿದ್ದಲ್ಲ ಸಾರ್.”

ಅವಳು ಕೈ ತೊಳೆಯಲು ಎದ್ದು ಹೋದಳು. ಅಡಿವೆಪ್ಪ ಎಡ ಪುಟದಲ್ಲಿ ಮೂರು ಸಾಲು ಬರೆದ. ದಿನಾ ಐದು ಕಿಲೋಮೀಟರ್ ನಡಿಗೆ. ಸಕ್ಕರೆ ಬಿಡುವುದು. ಮಲಯಾಳ ಓದಲು ಕಲಿಯುವುದು. ಬಲ ಪುಟದಲ್ಲೂ ಮೂರು. ದಿನಾ ಲಿಂಗಪೂಜೆ. ವರ್ಷಕ್ಕೊಮ್ಮೆ ಕೂಡಲಸಂಗಮ. ಸಿಟ್ಟು ಬಿಡುವುದು. ತಿರುವನಂತಪುರ ಎಂದು ಬರೆಯಲು ಜಾಗವಿತ್ತು. ಬರೆದರೆ ನಿರ್ಮಲಾಗೆ ಸಮಾಧಾನವಾಗುತ್ತದೆ ಎಂದೂ ಗೊತ್ತಿತ್ತು. ಆದರೆ ಅದೊಂದು ಹೇಳಿಕೆ. ಸುಳ್ಳು ಹೇಳಿಕೆಯ ಕೆಳಗೆ ಅವನು ಸರ್ವೀಸಿನಲ್ಲಿ ಒಮ್ಮೆಯೂ ಸಹಿ ಹಾಕಿದವನಲ್ಲ. ಉಳಿದ ಆರು ಎಷ್ಟು ನಿಜ ಎಂದು ಅವನು ನೋಡಲು ಹೋಗಲಿಲ್ಲ.

ಶನಿವಾರ ನಸುಕಿಗೆ ಇಬ್ಬರೂ ಎರ್ನಾಕುಲಂ ಜಂಕ್ಷನ್ನಿನಲ್ಲಿ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿದರು. ಬ್ಯಾಂಕಿನವರು ಹೇಳಿದ್ದ ಒಂದು ಮನೆಯನ್ನು ನೋಡಿ ಮುಗಿಸಬೇಕಿತ್ತು. ನಿರ್ಮಲಾ ಕೋಟ್ಟಯಂವರೆಗೆ ನಿದ್ದೆ ಮಾಡಿದಳು. ಎದ್ದು ಚಹಾ ಕುಡಿದು, ಕನ್ನಡಕ ಹಾಕಿ ಕೈ ಚಾಚಿದಳು. ಅವನು ನೋಟ್‌ಬುಕ್ ಕೊಟ್ಟ.

ಮೊದಲು ಎಡ ಪುಟ ಓದಿದಳು. ಬಲ ಪುಟವನ್ನು ಕೆಳಗಿನಿಂದ ಓದಿದಳು.

“ಸಿಟ್ಟು ಬಿಡೂದು? ನೀವು ಸಿಟ್ಟಾಗಿ ಮೂರು ವರ್ಷ ಆತು. ಒಮ್ಮೆ ಸಿಟ್ಟಾಗ್ರಿ, ನಾ ಇನ್ನೊಮ್ಮೆ ಹುಗ್ಗಿ ಮಾಡ್ತೇನಿ.”

ಎದುರಿನ ಸೀಟಿನಲ್ಲಿದ್ದ ಹೆಂಗಸು ಭಾಷೆ ತಿಳಿಯದಿದ್ದರೂ ನಕ್ಕಳು. ನಿರ್ಮಲಾ ನಗಲಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

“ದಿನಾ ಲಿಂಗಪೂಜೆ. ಚಲೋ. ಲಿಂಗ ಎಲ್ಲೈತಿ?”

ಅವನ ಕೈ ಎದೆಗೆ ಹೋಯಿತು. ಅಲ್ಲಿ ಇರಲಿಲ್ಲ. ಇಲ್ಲ ಎಂಬುದು ಅವನಿಗೆ ಗೊತ್ತಿದ್ದ ಸಂಗತಿಯೇ. ಕತ್ತು ನೋವೆಂದು ಎಂಆರ್‌ಐ ಮಾಡಿಸಿದ ದಿನ ಲೋಹದ್ದೇನೂ ಮೈಮೇಲೆ ಇರಬಾರದು ಎಂದಿದ್ದರು. ಐದನೇ ವಯಸ್ಸಿನಿಂದ ಕೊರಳಲ್ಲಿದ್ದ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ದಾರದ ಸಮೇತ ತೆಗೆದು ನಿರ್ಮಲಾಳ ಕೈಗೆ ಕೊಟ್ಟು ಒಳಗೆ ಹೋಗಿದ್ದ. ನಲವತ್ತು ನಿಮಿಷದ ಮೇಲೆ ಹೊರಗೆ ಬಂದು ಅಂಗಿ ಹಾಕಿಕೊಂಡಿದ್ದ. ವರದಿಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಮನೆಗೆ ಹೋಗಿ ಊಟ ಮಾಡಿದ್ದರು.

“ದೇವರ ಗೂಡಿನ್ಯಾಗ?” ಎಂದ.

“ಕೇಳಾಕತ್ತೀರೋ, ಹೇಳಾಕತ್ತೀರೋ?”

“ಗೊತ್ತಿಲ್ಲ.”

“ನನ್ನ ಕಡೆ ಐತಿ. ಹದಿನಾಲ್ಕು ತಿಂಗಳಾತು. ದಿನಾ ಮುಂಜಾನೆ ಮೊದಲು ನನ್ನ ಲಿಂಗ ಅಂಗೈ ಮ್ಯಾಲೆ ಇಟ್ಕೊಂಡು ಪೂಜಿ ಮಾಡ್ತೇನಿ, ಆಮ್ಯಾಲೆ ನಿಮ್ದು. ನೀವು ಅಲ್ಲೇ ಕುರ್ಚಿ ಮ್ಯಾಲೆ ಕುಂತು ಪೇಪರ್ ಓದ್ತಿರ್ತೀರಿ. ಒಂದ ಪೂಜಿ ಎರಡು ಸಲ ಯಾಕ ಮಾಡ್ತಿ ಅಂತ ಕೇಳ್ತೀರಿ ಅನಕೊಂಡಿದ್ದೆ. ಒಂದು ವಾರ ಕಾದೆ. ಆಮ್ಯಾಲೆ ಎಷ್ಟು ದಿನ ಕೇಳೂದಿಲ್ಲ ನೋಡೂಣು ಅನಕೊಂಡೆ.”

ಆ ಕುರ್ಚಿಗೂ ಅವಳು ಕೂರುವ ಮಣೆಗೂ ನಡುವೆ ಆರಡಿ ಇರಬಹುದು. ಹದಿನಾಲ್ಕು ತಿಂಗಳೆಂದರೆ ನಾನೂರಿಪ್ಪತ್ತು ದಿನದ ಮೇಲೆ. ಅವಳು ಊರಿಗೆ ಹೋಗಿದ್ದ ದಿನಗಳನ್ನು ಕಳೆದರೂ ನಾನೂರು. ಲೆಕ್ಕ ಸರಿಯಾಗಿತ್ತು. ತನಗೆ ಈಗ ನಾಚಿಕೆಯಾಗಬೇಕು ಎಂದು ಅಡಿವೆಪ್ಪ ಯೋಚಿಸಿದ. ಕಾದ. ರೈಲು ಚಂಗನಾಶ್ಶೇರಿಯಲ್ಲಿ ನಿಂತು ಮತ್ತೆ ಹೊರಟಿತು.

“ಈಗ ಕೊಡ್ಲೇನು?”

“ನೀ ಕೊಟ್ರ ಹಾಕ್ಕೊಂತೇನಿ.”

“ನಾ ಅದನ್ನ ಕೇಳಲಿಲ್ಲ.”

ಅವನು ಸಣ್ಣ ದನಿಯಲ್ಲಿ ಹೇಳಿದ. “ಏನೂ ಬೇಕಂತ ಅನಸವಲ್ದು, ನಿರ್ಮಲಾ. ಲಿಂಗಾನೂ ಅಷ್ಟ, ಊಟಾನೂ ಅಷ್ಟ. ನೀ ಹೊಂಟೀದಿ, ಅದೂ ಅಷ್ಟ. ನಿನ್ನ ಮ್ಯಾಲೆ ಬ್ಯಾಸರಿಲ್ಲ. ಇದ್ದಿದ್ರ ಹೇಳಿಬಿಡ್ತಿದ್ದೆ.”

ಅವಳು ಪೆನ್ನು ತೆಗೆದು ಅವನ ಕೈಗಿಟ್ಟಳು. “ಇದನ್ನ ಬರೀರಿ.”

“ಯಾವ ಪುಟದಾಗ?”

“ಎರಡರಾಗೂ.”

ಅವನು ಆರು ಸಾಲುಗಳನ್ನೂ ಹೊಡೆದುಹಾಕಿ, ಎರಡು ಪುಟದಲ್ಲೂ ‘ಏನೂ ಬೇಕೆನಿಸುತ್ತಿಲ್ಲ’ ಎಂದು ಬರೆದ. ರೈಲು ಅಲುಗುತ್ತಿದ್ದರಿಂದ ಅಕ್ಷರ ಓರೆಯಾದವು. ನಿರ್ಮಲಾ ಓದಿ, ದಿನಾಂಕ ಹಾಕಿ ಎಂದಳು. ಹಾಕಿದ.

“ಲಿಂಗ ನನ್ನ ಕಡೇನ ಇರ್ಲಿ. ಕೇಳಿದ ದಿನ ಕೊಡ್ತೇನಿ” ಎಂದು ಹೇಳಿ ಅವಳು ಕನ್ನಡಕ ತೆಗೆದಳು.

ಮನೆ ತಿರುವನಂತಪುರದ ತೈಕ್ಕಾಡಿನಲ್ಲಿತ್ತು. ಮಾಲೀಕ ಕಾರ್ತಿಕೇಯನ್, ಸೆಕ್ರೆಟೇರಿಯಟ್ಟಿನಿಂದ ನಿವೃತ್ತನಾದವನು, ಗೇಟಿನಲ್ಲೇ ಕಾಯುತ್ತಿದ್ದ. ಮಾತು ಮಲಯಾಳದಲ್ಲಿ ನಡೆಯಿತು. ಕೆಳಗಿನ ಮನೆಗೆ ಎರಡು ಕೋಣೆ, ಅಡುಗೆಮನೆ, ಹಿಂದೆ ಬಾವಿ. ಮೇಲೆ ಒಂದೇ ಕೋಣೆ, ಮೂಲೆಯಲ್ಲಿ ಗ್ಯಾಸಿಗೆ ಕಟ್ಟೆ. ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು.

“ಕೆಳಗಿನದು ದಂಪತಿಗೆ. ಮೇಲಿನದು ಒಬ್ಬರಿಗೆ, ಇಬ್ಬರಿಗೆ ಅದು ಸಾಲದು,” ಎಂದ ಕಾರ್ತಿಕೇಯನ್. “ಎರಡಕ್ಕೂ ಜನ ಕೇಳುತ್ತಿದ್ದಾರೆ. ನೀವು ಬ್ಯಾಂಕಿನವರು, ಮೊದಲು ನಿಮಗೆ. ಎಷ್ಟು ಜನ ಇರುತ್ತೀರಿ?” ಅವನು ಕೇಳಿದ್ದು ಅಡಿವೆಪ್ಪನನ್ನು.

ಅಡಿವೆಪ್ಪ ನಿರ್ಮಲಾಳ ಕಡೆ ತಿರುಗಿದ.

“ನನ್ನ ಯಾಕ ನೋಡ್ತೀರಿ? ಅವ್ರು ನಿಮ್ಮನ್ನ ಕೇಳ್ಯಾರ,” ಎಂದಳು ಕನ್ನಡದಲ್ಲಿ.

ಅವನು ಕೆಳಗಿನ ಮನೆಯೊಳಗೆ ಹೋಗಿ ಎರಡೂ ಕೋಣೆ ನೋಡಿದ. ನಲ್ಲಿ ತಿರುಗಿಸಿದ, ನೀರು ಬಂತು. ಮೆಟ್ಟಿಲು ಹತ್ತಿ ಮೇಲಿನ ಕೋಣೆಯನ್ನೂ ನೋಡಿ ಬಂದ. ಕಾರ್ತಿಕೇಯನ್ ಗಡಿಯಾರ ನೋಡಿಕೊಂಡ.

“ಇಬ್ಬರು ಅಂದ್ರ ಅನ್ನಬಹುದು,” ಎಂದ ಅಡಿವೆಪ್ಪ ಹೆಂಡತಿಗೆ. “ಅರ್ಜಿನೂ ಕೊಡಬಹುದು. ಅರ್ಧ ತಾಸಿನ ಕೆಲಸ. ನಾ ಬಂದು ಅಲ್ಲಿ ಕುರ್ಚಿ ಬಿಟ್ಟು ಇಲ್ಲಿ ಕುರ್ಚಿ ಮ್ಯಾಲೆ ಕುಂದ್ರೂದು, ಅಷ್ಟ ಆಕ್ಕೈತಿ.”

“ಗೊತ್ತೈತಿ.”

“ಬರಬಾರದಂತ ಅಲ್ಲ.”

“ಅದೂ ಗೊತ್ತೈತಿ.” ನಿರ್ಮಲಾ ಹ್ಯಾಂಡ್‌ಬ್ಯಾಗನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡಳು. “ಅಲ್ಲಿ ನಾನೂರು ದಿನ ನಿಮ್ಮ ಎದುರಿಗೆ ಕುಂತೆ. ಇಲ್ಲಿ ಮತ್ತ ನಾನೂರು ಕುಂದ್ರಲಾರೆ.” ಆಮೇಲೆ ಮಾಲೀಕನ ಕಡೆ ತಿರುಗಿ ಮಲಯಾಳದಲ್ಲಿ, “ಮೇಲಿನ ರೂಮು ಸಾಕು ಸಾರ್. ಒಬ್ಬಳೇ ಇರುತ್ತೇನೆ” ಎಂದಳು.

ಕಾರ್ತಿಕೇಯನ್ ಅಚ್ಚು ಹಾಕಿಸಿಟ್ಟಿದ್ದ ಕರಾರು ತಂದು ವರಾಂಡದ ಮೇಜಿನ ಮೇಲಿಟ್ಟ. ಖಾಲಿ ಬಿಟ್ಟಿದ್ದ ಜಾಗಗಳನ್ನು ತುಂಬಿದ. ವಾಸಕ್ಕೆ: ಒಬ್ಬರು. ನಿರ್ಮಲಾ ಎರಡು ಕಡೆ ಸಹಿ ಹಾಕಿದಳು.

“ಇಬ್ಬರು ಸಾಕ್ಷಿ ಬೇಕು. ಪಕ್ಕದ ಮನೆಯವರನ್ನು ಕರೆಯುತ್ತೇನೆ. ಇನ್ನೊಬ್ಬರು ಹೇಗೂ ಸಾರ್ ಇದ್ದಾರಲ್ಲ.”

ಅಡಿವೆಪ್ಪ ಅಭ್ಯಾಸದಂತೆ ಕರಾರನ್ನು ಮೊದಲಿನಿಂದ ಓದಿದ. ತಪ್ಪುಗಳಿರಲಿಲ್ಲ. ಎಲ್ಲಿಯಾದರೂ ನೋಯುತ್ತಿದೆಯೇ ಎಂದು ಒಂದು ಕ್ಷಣ ನೋಡಿಕೊಂಡ. ನೋಯುತ್ತಿರಲಿಲ್ಲ. ಸಾಕ್ಷಿ ಒಂದು ಎಂಬಲ್ಲಿ ಸಹಿ ಹಾಕಿ, ಅದರ ಕೆಳಗೆ ಹೆಸರು, ಮನೆ ನಂಬರು, ಕೊಚ್ಚಿ ಎಂದು ಬರೆದು ಪೆನ್ನಿನ ಕ್ಯಾಪ್ ಹಾಕಿದ.

ನಿರ್ಮಲಾ ಬಾಗಿ ನೋಡಿದಳು.

“ಪಿನ್ ಕೋಡ್ ಬಿಟ್ಟೀರಿ,” ಎಂದಳು.

ಅವನು ಕ್ಯಾಪ್ ತೆಗೆದು ಪಿನ್ ಕೋಡ್ ಬರೆದ.